ಇಬ್ಬರು ಕೂರುವ ಮೋಟಾರು, ನಾಲ್ವರ ಚಾಕರಿ

ಸಂಘದ ನಾಡಹಬ್ಬಕ್ಕೋ ವಾರ್ಷಿಕೋತ್ಸವಕ್ಕೋ ನಾವು ನಮ್ಮ ಹಳೆಯ ಎಂ.ಜಿ. ಮೋಟಾರಿನಲ್ಲಿ ಹೋದರೆ ಅದರ ಸುತ್ತ ಹತ್ತು ಜನ ಸೇರುವುದು ವಾಡಿಕೆ. ಅವರು ಕೇಳುವ ಪ್ರಶ್ನೆಗಳೂ ವಾಡಿಕೆಯವೇ. ಬೆಲೆ ಎಷ್ಟು? ಲೀಟರಿಗೆ ಎಷ್ಟು ಓಡುತ್ತದೆ? ಮಾರುವ ವಿಚಾರ ಉಂಟೆ? ಈ ಮೂರಕ್ಕೂ ನಮ್ಮಲ್ಲಿ ಸಿದ್ಧ ಉತ್ತರಗಳಿವೆ. ಯಾರೂ ಕೇಳದ ನಾಲ್ಕನೆಯ ಪ್ರಶ್ನೆ ಒಂದಿದೆ: ಇದು ಕೆಟ್ಟರೆ ರಿಪೇರಿ ಮಾಡುವವರು ಯಾರು? ಆ ಪ್ರಶ್ನೆ ಈಗ ಕೆಲವು ವರ್ಷಗಳಿಂದ ನಮ್ಮ ನಿದ್ದೆಯನ್ನು ಕೆಡಿಸುತ್ತಿರುವುದರಿಂದ, ಅದನ್ನೇ ಹಿಡಿದು ವಾಚಕರೊಡನೆ ನಾಲ್ಕು ಮಾತನಾಡೋಣವೆಂದು ಕುಳಿತಿದ್ದೇವೆ.

ಮೊದಲು ಗಾಡಿಯ ಪೂರ್ವೋತ್ತರವನ್ನು ಅರಿಕೆ ಮಾಡುತ್ತೇವೆ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಊರಿನಲ್ಲಿ ವಿಲಿಯಂ ಮಾರಿಸ್ ಎಂಬವರ ಮೋಟಾರು ವ್ಯಾಪಾರದ ಮಳಿಗೆಗೆ ಮಾರಿಸ್ ಗ್ಯಾರೇಜಸ್ ಎಂದು ಹೆಸರು. ಅಲ್ಲಿ ವ್ಯವಸ್ಥಾಪಕರಾಗಿದ್ದ ಸೆಸಿಲ್ ಕಿಂಬರ್ ಎಂಬವರು 1920ರ ದಶಕದಲ್ಲಿ ಸಾಧಾರಣವಾದ ಮಾರಿಸ್ ಕಾರುಗಳಿಗೆ ಹಗುರವಾದ ಚೆಲುವಾದ ಮೈ ತೊಡಿಸಿ ಮಾರತೊಡಗಿದರು. ಮಳಿಗೆಯ ಹೆಸರಿನ ಎರಡು ಮೊದಲಕ್ಷರಗಳೇ ಎಂಟು ಮೂಲೆಯ ಮುದ್ರೆಯೊಳಗೆ ಕುಳಿತು ಎಂ.ಜಿ. ಆದುವು. ಮುಂದೆ ಸಮೀಪದ ಅಬಿಂಗ್ಡನ್ ಎಂಬಲ್ಲಿ ಕಾರ್ಖಾನೆ ಎದ್ದಿತು. ಕಿಂಬರ್ ಅವರನ್ನು 1941ರಲ್ಲಿ ಕಂಪೆನಿಯಿಂದ ಹೊರಗೆ ಕಳಿಸಿದರು. 1945ರ ಫೆಬ್ರವರಿಯಲ್ಲಿ ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದ ಬಳಿ ನಡೆದ ರೈಲು ಅಪಘಾತದಲ್ಲಿ ಅವರು ತೀರಿಕೊಂಡರು. ಯುದ್ಧ ಮುಗಿದು ಅದೇ ವರ್ಷದ ಶರತ್ಕಾಲದಲ್ಲಿ ಹೊರಬಂದ ಟಿ.ಸಿ. ಎಂಬ ಈ ಮಾದರಿಯನ್ನು ಅವರು ನೋಡಲೇ ಇಲ್ಲ.

ಟಿ.ಸಿ. ಹೊಸ ಗಾಡಿಯೇನೂ ಅಲ್ಲ. ಯುದ್ಧಕ್ಕೆ ಸ್ವಲ್ಪ ಮುಂಚೆ 1939ರಲ್ಲಿ ಬಂದು, ಕೇವಲ 379 ಗಾಡಿಗಳಾಗುವಷ್ಟರಲ್ಲಿ ನಿಂತುಹೋದ ಟಿ.ಬಿ. ಎಂಬುದನ್ನೇ ಕೂರುವ ಜಾಗದಲ್ಲಿ ನಾಲ್ಕು ಇಂಚು ಅಗಲ ಮಾಡಿ, ಅಲ್ಲಿ ಇಲ್ಲಿ ತಿದ್ದಿ ಮಾರುಕಟ್ಟೆಗೆ ಬಿಟ್ಟರು. 1949ರ ಕೊನೆಯವರೆಗೆ ಸುಮಾರು 10,000 ಗಾಡಿಗಳು ತಯಾರಾದುವು. ಅವುಗಳಲ್ಲಿ ಸುಮಾರು 2,000 ಅಮೆರಿಕಕ್ಕೆ ಹೋದುವಂತೆ. ಚಮತ್ಕಾರವೆಂದರೆ, ಅಮೆರಿಕದವರು ರಸ್ತೆಯ ಬಲಬದಿಯಲ್ಲಿ ಓಡಿಸುವವರು, ಟಿ.ಸಿ.ಯಲ್ಲಾದರೋ ಸ್ಟಿಯರಿಂಗು ಬಲಗಡೆಗೇ ಇರತಕ್ಕದ್ದು, ಎಡಗಡೆಯ ಸ್ಟಿಯರಿಂಗಿನ ಟಿ.ಸಿ.ಯನ್ನು ಕಾರ್ಖಾನೆ ಮಾಡಲೇ ಇಲ್ಲ. ಆದರೂ ಅವರು ಕೊಂಡರು. ನಮಗೆ ಆ ತೊಡಕಿಲ್ಲ. ನಮ್ಮ ದೇಶದ ರಸ್ತೆಗೆ ಅದು ಹೇಳಿ ಮಾಡಿಸಿದ ಹಾಗಿದೆ, ರಸ್ತೆಯ ಗುಂಡಿಗಳನ್ನು ಬಿಟ್ಟು.

ನಮ್ಮದು 1948ರ ಗಾಡಿ. 1993ರಲ್ಲಿ ದಾದರದ ಒಬ್ಬ ಪಾರ್ಸಿ ಮಹನೀಯರಿಂದ ಕೊಂಡೆವು. ಅದೇ ಹಣಕ್ಕೆ ಅಂದು ಹೊಸ ಮಾರುತಿ ಬರುತ್ತಿತ್ತೆಂದು ನಮ್ಮ ಮನೆಯಾಕೆ ಇಂದಿಗೂ ಆಗಾಗ ಜ್ಞಾಪಿಸುವುದುಂಟು. ಈ ನಡುವೆ ಇನ್ನೊಂದು ವಿನೋದ ಬೇರೆ. ಅಬಿಂಗ್ಡನ್ ಕಾರ್ಖಾನೆ 1980ರಲ್ಲಿ ಮುಚ್ಚಿ, ಹೆಸರು ಕೈಯಿಂದ ಕೈಗೆ ದಾಟಿ ಚೀನಾದ ಕಂಪೆನಿಯೊಂದಕ್ಕೆ ಸೇರಿತು. 2019ರಿಂದ ಅದೇ ಎಂಟು ಮೂಲೆಯ ಮುದ್ರೆಯ ಹೊಸ ಕಾರುಗಳು ಗುಜರಾತಿನ ಹಾಲೋಲ್‌ನಲ್ಲಿ ತಯಾರಾಗಿ ನಮ್ಮ ರಸ್ತೆಗಳಲ್ಲಿ ಓಡುತ್ತಿವೆ. ನಮ್ಮ ಕಟ್ಟಡದ ಕಾವಲುಗಾರನು ಎರಡೂ ಮುದ್ರೆಗಳನ್ನು ಹೋಲಿಸಿ ನೋಡಿ, ನಮ್ಮದು ಅವರ ಮುಂದಿನ ವರ್ಷದ ಮಾದರಿ ಇರಬೇಕೆಂದು ನಿಶ್ಚಯಿಸಿದ್ದಾನೆ. ನಾವು ಅವನ ನಂಬಿಕೆಗೆ ಭಂಗ ತಂದಿಲ್ಲ.

ಗಾಡಿಯಲ್ಲಿ ಎರಡೇ ಆಸನ. ನಾಲ್ವರ ಸಂಸಾರಕ್ಕೆ ಇದು ಒಪ್ಪುವ ಮಾತಲ್ಲ. ಸರದಿಯ ಮೇಲೆ ಹೋಗುತ್ತೇವೆ. ಬಾಗಿಲಿಗೆ ಗಾಜಿಲ್ಲ, ಮಳೆ ಬಂದರೆ ಸಿಕ್ಕಿಸುವ ಪರದೆಗಳಿವೆ. ಎದುರಿನ ಗಾಜನ್ನು ಬಾನೆಟ್ಟಿನ ಮೇಲೆ ಮಲಗಿಸಬಹುದು. ಪೆಟ್ರೋಲು ಎಷ್ಟಿದೆಯೆಂದು ತೋರಿಸುವ ಮುಳ್ಳಿಲ್ಲ. ತೀರುವ ಹೊತ್ತಿಗೆ ಒಂದು ಹಸಿರು ದೀಪ ಹತ್ತುತ್ತದೆ. ಅದನ್ನು ನಂಬದೆ ನಾವು ಹಿಂದಿನ ಟಾಂಕಿಗೆ ಗೆರೆ ಹಾಕಿದ ಮರದ ಕೋಲನ್ನು ಇಳಿಸಿ ನೋಡುತ್ತೇವೆ. ಇಂಜಿನ್ನಿನ ಸುತ್ತುಗಳನ್ನು ತೋರಿಸುವ ಗಡಿಯಾರ ಓಡಿಸುವವನ ಮುಂದಿದೆ. ವೇಗವನ್ನು ತೋರಿಸುವ ಗಡಿಯಾರವಾದರೋ ಪಕ್ಕದಲ್ಲಿ ಕುಳಿತವರ ಮುಂದೆ! ಎಷ್ಟು ವೇಗದಲ್ಲಿ ಹೋಗುತ್ತಿದ್ದೇವೆಂಬುದು ನಮ್ಮ ಮನೆಯಾಕೆಗೆ ಮಾತ್ರ ಗೊತ್ತಿರುತ್ತದೆ. ಅವಳು ಅದನ್ನು ಗುಟ್ಟಾಗಿಡುವ ಸ್ವಭಾವದವಳಲ್ಲ. 1,250 ಘನ ಸೆಂಟಿಮೀಟರಿನ ಇಂಜಿನ್ನು, 54 ಅಶ್ವಶಕ್ತಿ, ಬಯಲು ರಸ್ತೆಯಲ್ಲಿ ಗಂಟೆಗೆ 120 ಕಿಲೋಮೀಟರಿನ ಹತ್ತಿರ ಹತ್ತಿರ ಓಡುತ್ತದೆಂದು ಪುಸ್ತಕ ಹೇಳುತ್ತದೆ. ನಮಗೆ 70 ಸಾಕು. ಮುಂದಿನ ಎರಡು ಚಕ್ರಗಳಿಗೆ ಎತ್ತಿನಗಾಡಿಯಂತೆ ಒಂದೇ ಅಚ್ಚು ಇರುವುದರಿಂದ ಎಪ್ಪತ್ತರಲ್ಲೇ ನೂರರ ಅನುಭವ ಬರುತ್ತದೆ. ಲೋಣಾವಳಕ್ಕೆ ಹೋಗುವಾಗ 2002ರಲ್ಲಿ ಪೂರ್ತಿಯಾದ ಎಕ್ಸ್‌ಪ್ರೆಸ್ ಮಾರ್ಗವನ್ನು ಬಿಟ್ಟು ಹಳೆಯ ಹೆದ್ದಾರಿಯನ್ನೇ ಹಿಡಿಯುತ್ತೇವೆ.

ಇಷ್ಟು ಪೀಠಿಕೆ. ಇನ್ನು ಚಾಕರಿಯ ಮಾತು.

ಈ ಗಾಡಿಯ ದೊಡ್ಡ ಕಷ್ಟ ಇರುವುದು ಅದರ ನಟ್ಟು ಬೋಲ್ಟುಗಳಲ್ಲಿ. ವಾಚಕರಿಗೆ ಇದು ಕ್ಷುಲ್ಲಕವೆಂದು ತೋರೀತು. ಸ್ವಲ್ಪ ತಾಳ್ಮೆಯಿಂದ ಕೇಳಬೇಕು. ಕಾವೆಂಟ್ರಿ ಊರಿನಲ್ಲಿ ಹಾಚ್ಕಿಸ್ ಎಂಬ ಫ್ರೆಂಚ್ ಕಂಪೆನಿಯ ಇಂಜಿನ್ ಕಾರ್ಖಾನೆಯೊಂದಿತ್ತು. ಅದನ್ನು 1923ರಲ್ಲಿ ಮಾರಿಸ್ ಅವರು ಕೊಂಡುಕೊಂಡರು. ಅಲ್ಲಿದ್ದ ಯಂತ್ರಗಳು ಕೊರೆಯುತ್ತಿದ್ದುದು ಫ್ರೆಂಚರ ಮಿಲಿಮೀಟರು ಅಳತೆಯ ತಿರುಪನ್ನು. ಅಷ್ಟೊಂದು ಯಂತ್ರಗಳನ್ನು ಬದಲಿಸುವವರು ಯಾರು? ಆದಕಾರಣ ತಿರುಪು ಮಿಲಿಮೀಟರಿನಲ್ಲೇ ಉಳಿಯಿತು. ಆದರೆ ಇಂಗ್ಲೆಂಡಿನ ಕೆಲಸಗಾರರ ಬಳಿ ಇದ್ದುದು ವಿಟ್‌ವರ್ತ್ ಅಳತೆಯ ಇಂಚಿನ ಸ್ಪ್ಯಾನರುಗಳು. ಆದಕಾರಣ ಬೋಲ್ಟಿನ ತಲೆಯನ್ನು ಇಂಚಿನ ಅಳತೆಗೆ ಮಾಡಿದರು. ಕಾಲು ಫ್ರೆಂಚು, ತಲೆ ಇಂಗ್ಲಿಷು. ಇಂಥ ಬೋಲ್ಟುಗಳು ನಮ್ಮ ಇಂಜಿನ್ನಿನಲ್ಲೂ ಗೇರುಪೆಟ್ಟಿಗೆಯಲ್ಲೂ ಇವೆ. ಗಾಡಿಯ ಚೌಕಟ್ಟಿಗೆ ಬಂದರೆ ಬಿ.ಎಸ್.ಎಫ್. ಎಂಬ ಶುದ್ಧ ಇಂಗ್ಲಿಷ್ ತಿರುಪು. ವಿದ್ಯುತ್ತಿನ ಸಣ್ಣ ತಿರುಪುಗಳಿಗೆ ಬಿ.ಎ. ಎಂಬ ಮೂರನೆಯ ಪದ್ಧತಿ. ಒಂದೇ ಗಾಡಿಯಲ್ಲಿ ಮೂರು ರಾಜ್ಯಗಳ ಕಾಯಿದೆ.

ಇನ್ನೂ ಒಂದು ಸೂಕ್ಷ್ಮವಿದೆ. ಇಂದು ಅಂಗಡಿಯಲ್ಲಿ ಸಿಗುವ 8 ಮಿಲಿಮೀಟರಿನ ಬೋಲ್ಟು ಒಂದು ಸುತ್ತಿಗೆ ಒಂದೂಕಾಲು ಮಿಲಿಮೀಟರು ಒಳಗೆ ಇಳಿಯುತ್ತದೆ. ನಮ್ಮ ಇಂಜಿನ್ನಿನದು ಒಂದೇ ಮಿಲಿಮೀಟರು. ನೋಡುವುದಕ್ಕೆ ಎರಡೂ ಒಂದೇ. ಕೈಯಿಂದ ತಿರುಗಿಸಿದರೆ ಮೊದಲ ಒಂದೆರಡು ಸುತ್ತು ಸುಖವಾಗಿ ಹೋಗಿ ಆಮೇಲೆ ಬಿಗಿಯುತ್ತದೆ. ಅಲ್ಲಿಂದ ಮುಂದೆ ಸ್ಪ್ಯಾನರು ಹಾಕಿ ಬಲವಂತ ಮಾಡಿದರೆ ಒಳಗಿನ ತಿರುಪು ಹರಿದು ಹಾಳಾಗುತ್ತದೆ. ಒಮ್ಮೆ ಹೆಸರುವಾಸಿಯಾದ ಒಂದು ವರ್ಕ್‌ಷಾಪಿನವರು ನಮ್ಮ ನೀರಿನ ಪಂಪನ್ನು ಬಿಚ್ಚಿ ತಿರುಗಿ ಕೂರಿಸುವಾಗ ಮಾಡಿದ್ದು ಇದನ್ನೇ. ಬಿಲ್ಲನ್ನು ಮಾತ್ರ ಅಚ್ಚುಕಟ್ಟಾಗಿ ಕೊಟ್ಟರು. ಎಪ್ಪತ್ತು ವರ್ಷ ಬಾಳಿದ ತಿರುಪು ಹತ್ತು ನಿಮಿಷದಲ್ಲಿ ಹೋಯಿತು. ಅದನ್ನು ಕೊರೆದು, ಒಳಗೆ ಉಕ್ಕಿನ ಸುರುಳಿ ಕೂರಿಸಿ ಸರಿಪಡಿಸುವುದಕ್ಕೆ ನಮಗೆ ಎರಡು ತಿಂಗಳು ಹಿಡಿಯಿತು. ಅವರನ್ನು ದೂರಿಯೂ ಫಲವಿಲ್ಲ. ಅವರಲ್ಲಿದ್ದ ಹುಡುಗರು ಇಂಥ ತಿರುಪನ್ನು ಹುಟ್ಟಿದ ಮೇಲೆ ನೋಡಿದವರಲ್ಲ.

ಇದನ್ನೆಲ್ಲ ನೋಡಿದ್ದ ಒಬ್ಬರಿದ್ದರು. ಭಾಯಖಳಾದ ಗಲ್ಲಿಯೊಂದರಲ್ಲಿ ಒಂದು ಟಾರ್ಪಾಲಿನ ಕೆಳಗೆ ಕುಳಿತು ಕೆಲಸ ಮಾಡುತ್ತಿದ್ದ ಮುದುಕ ಮಿಸ್ತ್ರಿ. ಎಲ್ಲರಿಗೂ ಅವರು ಚಾಚಾ. ಗಾಡಿ ಕೊಂಡಂದಿನಿಂದ ಇಪ್ಪತ್ತು ವರ್ಷಕ್ಕೂ ಮೀರಿ ನಮ್ಮ ಗಾಡಿ ಅವರ ಕೈಯಲ್ಲೇ ಬಾಳಿತು. ಅವರಿಗೆ ಓದು ಬರುತ್ತಿರಲಿಲ್ಲ, ಪುಸ್ತಕ ಬೇಕಾಗಿರಲಿಲ್ಲ. ಬೋಲ್ಟನ್ನು ಬೆರಳಲ್ಲಿ ಹಿಡಿದು ಉಗುರಿನಿಂದ ತಿರುಪನ್ನು ಗೀರಿ, ಇದು ಇಂಜಿನ್ನಿನದು, ಇದು ಚಾಸಿಯದು ಎಂದು ಎರಡು ಡಬ್ಬಿಗಳಿಗೆ ಎಸೆಯುತ್ತಿದ್ದರು.

ಕಾರ್ಬುರೇಟರಿನ ವಿಷಯದಲ್ಲಿ ಅವರ ಕೈವಾಡ ನೋಡುವಂಥದು. ನಮ್ಮ ಗಾಡಿಗೆ ಎಸ್.ಯು. ಎಂಬ ಎರಡು ಕಾರ್ಬುರೇಟರುಗಳಿವೆ. ಎರಡೂ ಒಂದೇ ಸಮನಾಗಿ ಗಾಳಿ ಎಳೆಯಬೇಕು. ಒಂದು ಹೆಚ್ಚು ಒಂದು ಕಡಿಮೆ ಎಳೆದರೆ ಜೋಡೆತ್ತಿನಲ್ಲಿ ಒಂದು ಕುಂಟಿದಂತೆ ಇಂಜಿನ್ನು ತಡವರಿಸುತ್ತದೆ. ಚಾಚಾ ಒಂದು ಮಾರುದ್ದದ ರಬ್ಬರು ನಳಿಗೆಯ ಒಂದು ತುದಿಯನ್ನು ಕಿವಿಗೆ ಇಟ್ಟುಕೊಂಡು, ಇನ್ನೊಂದನ್ನು ಒಂದೊಂದೇ ಕಾರ್ಬುರೇಟರಿನ ಬಾಯಿಗೆ ಹಿಡಿಯುವರು. ಎರಡರ ಹಿಸ್ಸೆಂಬ ಸದ್ದೂ ಒಂದೇ ಶ್ರುತಿಗೆ ಬರುವ ತನಕ ತಿರುಪನ್ನು ಕೂದಲೆಳೆಯಷ್ಟು ಹೀಗೆ, ಕೂದಲೆಳೆಯಷ್ಟು ಹಾಗೆ ತಿರುಗಿಸುವರು. ತಂಬೂರಿ ಮಿಡಿದು ಶ್ರುತಿ ಹಿಡಿಯುವವರನ್ನು ನೋಡಿದವರಿಗೆ ಈ ದೃಶ್ಯ ಹೊಸದಲ್ಲ. ಆಮೇಲೆ ಕೈ ಒರೆಸಿಕೊಂಡು, “ಸಾಬ್, ಈಗ ಹಾಡುತ್ತಿದೆ” ಎನ್ನುವರು.

ಚಾಚಾ ಅಂಥವರು ಮುಂಬಯಿಯಲ್ಲಿ ಇದ್ದುದಕ್ಕೆ ಕಾರಣ ನಮ್ಮಂಥವರ ಹವ್ಯಾಸದ ಗಾಡಿಗಳಲ್ಲ, ನಾಲ್ಕಾರು ಎಂ.ಜಿ.ಗಳಿಂದ ಯಾರ ಹೊಟ್ಟೆಯೂ ತುಂಬದು. ಅವರನ್ನು ಸಾಕಿದ್ದು ಫಿಯಟ್ ಟ್ಯಾಕ್ಸಿ. ಕಪ್ಪು ಹಳದಿ ಬಣ್ಣದ ಆ ಸಾವಿರಾರು ಗಾಡಿಗಳ ಕಾರ್ಬುರೇಟರು, ಪಾಯಿಂಟು, ಕಂಡೆನ್ಸರುಗಳನ್ನು ದಿನಾ ಬಿಚ್ಚಿ ಹಾಕಿ ಪಳಗಿದ ಕೈಗಳು ಭಾನುವಾರ ನಮ್ಮ ಗಾಡಿಗಳನ್ನು ಮುಟ್ಟುತ್ತಿದ್ದುವು. ಹೊಸ ಕಾರುಗಳಿಂದ ಕಾರ್ಬುರೇಟರು 2000ದ ಆಸುಪಾಸಿನಲ್ಲೇ ಮರೆಯಾಯಿತು. 2020ರ ಏಪ್ರಿಲಿನಿಂದ ಬಂದ ಹೊಗೆಯ ಕಟ್ಟುಪಾಡಿನಿಂದ ಹೊಸ ಸ್ಕೂಟರುಗಳಲ್ಲೂ ಬಹುಮಟ್ಟಿಗೆ ಹೋಯಿತು. 2023ರ ಅಕ್ಟೋಬರಿನಲ್ಲಿ ಮುಂಬಯಿಯ ರಸ್ತೆಗಳಿಂದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳ ಕಾಲ ಮುಗಿಯಿತು. ಪತ್ರಿಕೆಗಳಲ್ಲಿ ಅದನ್ನು ಕುರಿತು ಕಣ್ಣೀರಿನ ಲೇಖನಗಳು ಬಹಳ ಬಂದುವು. ಟ್ಯಾಕ್ಸಿಯ ಜೊತೆಗೆ ಒಂದು ವಿದ್ಯೆಯೂ ಹೋಯಿತೆಂಬುದನ್ನು ಯಾರೂ ಬರೆದಂತೆ ನಮಗೆ ಕಾಣಲಿಲ್ಲ. ಚಾಚಾ ಅದಕ್ಕಿಂತ ಮೊದಲೇ, ಕಣ್ಣು ಮಂದವಾಗಿ, ಊರು ಸೇರಿದ್ದರು. ಅವರ ಮಗ ಮೊಬೈಲು ರಿಪೇರಿಯ ಅಂಗಡಿ ಇಟ್ಟಿದ್ದಾನೆ; ಚೆನ್ನಾಗಿಯೇ ನಡೆಯುತ್ತದೆ.

ಸಾಮಾನು ಸಿಗುವುದಿಲ್ಲವೇ ಎಂದು ಕೆಲವರು ಮರುಕದಿಂದ ಕೇಳುತ್ತಾರೆ. ಸಿಗುತ್ತದೆ. ಚೋರ್ ಬಜಾರಿನಲ್ಲಿ ಹುಡುಕುವ ಕಾಲ ಹೋಯಿತು. ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ ಈ ಮಾದರಿಗೆ ಬೇಕಾದ ಸಣ್ಣ ವಾಷರಿನಿಂದ ಹಿಡಿದು ಇಡೀ ಮರದ ಚೌಕಟ್ಟಿನವರೆಗೆ ಹೊಸದಾಗಿ ಮಾಡಿ ಮಾರುವವರಿದ್ದಾರೆ. 1930ರಲ್ಲಿ ಹುಟ್ಟಿದ ಎಂ.ಜಿ. ಕಾರ್ ಕ್ಲಬ್ಬು ಇಂದಿಗೂ ನಡೆಯುತ್ತಿದೆ. ಬ್ಲೋವರ್ ಎಂಬವರು ಬರೆದ ಎಂ.ಜಿ. ವರ್ಕ್‌ಷಾಪ್ ಮ್ಯಾನ್ಯುಯಲ್ ನಮ್ಮ ಮನೆಯಲ್ಲಿ ಅಡಿಗೆ ಪುಸ್ತಕದ ಪಕ್ಕದಲ್ಲೇ ಇರುತ್ತದೆ, ಅದಕ್ಕಿಂತ ಹೆಚ್ಚು ಎಣ್ಣೆ ಕುಡಿದಿದೆ. ಹಣ ಕೊಟ್ಟು ಸುಂಕ ಕಟ್ಟಿದರೆ ಸಾಮಾನು ಮನೆ ಬಾಗಿಲಿಗೆ ಬರುತ್ತದೆ. ಅದನ್ನು ಕೂರಿಸುವ ಕೈ ಅಂಚೆಯಲ್ಲಿ ಬರುವುದಿಲ್ಲ.

ಮರದ ಚೌಕಟ್ಟು ಎಂದಾಗ ಹೊಸಬರು ಹುಬ್ಬೇರಿಸುತ್ತಾರೆ. ಹೌದು, ತಗಡಿನ ಒಳಗೆ ಈ ಗಾಡಿಯ ಮೈ ಮರದ್ದು. ಆಶ್ ಎಂಬ ಮರ. ಕ್ರಿಕೆಟ್ಟಿನ ಸ್ಟಂಪುಗಳನ್ನೂ ಸುತ್ತಿಗೆಯ ಹಿಡಿಯನ್ನೂ ಮಾಡುವುದು ಅದರಿಂದಲೇ. ಪೆಟ್ಟು ತಿಂದರೂ ಸೀಳದೆ, ಬಗ್ಗಿ ಮತ್ತೆ ನೆಟ್ಟಗಾಗುವುದು ಅದರ ಗುಣ. ಗಾಡಿಯ ಉಕ್ಕಿನ ಚಾಸಿ ಓಡುವಾಗ ಸ್ವಲ್ಪ ತಿರುಚಿಕೊಳ್ಳುತ್ತದೆ. ಮೇಲಿನ ಮರವೂ ಜೊತೆಗೆ ಬಗ್ಗಬೇಕು. ನಮ್ಮ ಗಾಡಿಯ ಎಡ ಬಾಗಿಲ ಕಂಬ ಕೊಳೆತಾಗ ಹಿಂದಿನ ಯಜಮಾನರು ಯಾರಿಂದಲೋ ತೇಗದ ತುಂಡು ಹಾಕಿಸಿದ್ದರು. ತೇಗ ಗೆದ್ದಲಿಗೆ ಜಗ್ಗದು, ಮಳೆಗೆ ಜಗ್ಗದು, ನಿಜ. ಆದರೆ ಅದು ಬಗ್ಗದು. ತಿರುಪಿನ ತೂತಿನ ಬಳಿ ಸೀಳಿ, ಬಾಗಿಲು ಇಳಿಬಿದ್ದು, ಗುಂಡಿ ಬಂದಾಗಲೆಲ್ಲ ತಾನಾಗಿ ತೆರೆದುಕೊಳ್ಳಹತ್ತಿತು. ಈ ಗಾಡಿಯ ಬಾಗಿಲುಗಳು ಹಿಂದಿನ ಕಡೆಗೆ ತೆರೆಯುತ್ತವೆ. ಓಡುವಾಗ ತೆರೆದರೆ ಗಾಳಿ ಅದನ್ನು ಪೂರಾ ಹಿಂದಕ್ಕೆ ಎಳೆದುಬಿಡುತ್ತದೆ. ಪಕ್ಕದಲ್ಲಿ ಕುಳಿತವರ ಪ್ರಾಣದ ಮಾತು.

ಈ ಕೆಲಸಕ್ಕೆ ನಮಗೆ ದೊರೆತವರು ಕಾರ್ಕಳದ ಕಡೆಯ ಒಬ್ಬ ಆಚಾರಿಯವರು. ಮುಂಬಯಿಗೆ ಬಂದು ಮಂಟಪ, ಬಾಗಿಲು, ಮಂಚಗಳ ಕೆಲಸ ಮಾಡಿಕೊಂಡಿದ್ದವರು. ಮೋಟಾರನ್ನು ಮುಟ್ಟಿದವರಲ್ಲ. ತೇಗದ ತುಂಡನ್ನು ಬಿಚ್ಚಿ, ಇಂಗ್ಲೆಂಡಿನಿಂದ ಬಂದ ಆಶ್ ಕಂಬವನ್ನು ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಬಗ್ಗಿಸಿ ನೋಡಿ, “ಇದರ ಕೆಲಸವೇ ಬೇರೆ ಮಾರಾಯ್ರೆ. ತೇಗ ಹಾಕಿದವರು ಗಟ್ಟಿ ನೋಡಿದ್ದಾರೆ, ಗುಣ ನೋಡಲಿಲ್ಲ” ಎಂದರು. ಮೂರು ಭಾನುವಾರ ಕುಳಿತು, ಉಳಿಯ ಒಂದೊಂದೇ ಏಟಿನಿಂದ ಕೀಲನ್ನು ಹೊಂದಿಸಿದರು. ಈಗ ಬಾಗಿಲು ಮುಚ್ಚಿದರೆ ಹಳೆಯ ಬೀರುವಿನ ಬಾಗಿಲಿನಂತೆ ಮೆಲ್ಲಗೆ ಸದ್ದಾಗಿ ಕೂರುತ್ತದೆ.

ಸ್ಪ್ಯಾನರಿನ ಕೊರತೆಯನ್ನು ನೀಗಿದವರು ಡೊಂಬಿವಲಿಯಲ್ಲಿ ಮಗನ ಮನೆಯಲ್ಲಿರುವ ಇನ್ನೊಬ್ಬ ಹಿರಿಯರು. ಹುಬ್ಬಳ್ಳಿಯ ರೈಲ್ವೆ ವರ್ಕ್‌ಷಾಪಿನಲ್ಲಿ ಫಿಟ್ಟರಾಗಿ ದುಡಿದು ನಿವೃತ್ತರಾದವರು. ಸಂಘದ ಒಂದು ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತಾಗ ನಮ್ಮ ಗೋಳನ್ನು ಕೇಳಿದರು. ಮುಂದಿನ ವಾರ ಗೋಣಿಚೀಲವೊಂದನ್ನು ಮಗನ ಕೈಲಿ ಹೊರಿಸಿಕೊಂಡು ಬಂದರು. ಒಳಗೆ ಎಣ್ಣೆಬಟ್ಟೆಯಲ್ಲಿ ಸುತ್ತಿದ ವಿಟ್‌ವರ್ತ್ ಸ್ಪ್ಯಾನರುಗಳು. “ಇವಕ್ಕ ಈಗ ಯಾರೂ ಕೇಳೂದಿಲ್ರೀ. ಸೊಸಿ ಗುಜರಿಗೆ ಹಾಕೋಣ ಅಂತಿದ್ಲು. ಮಿಲಿಮೀಟರ್ ಪಾನಾ ಹಚ್ಚಿ ತಲಿ ಸವಸಬ್ಯಾಡ್ರಿ, ಇದಕ್ಕ ಇದs ಬೇಕು” ಎಂದು ನಮ್ಮ ಮಗಳ ಕೈಗೆ ಕೊಟ್ಟರು. ನಮ್ಮ ಕೈಗಲ್ಲ. ಅವಳು ಆ ದಿನದಿಂದ ಅವರನ್ನು ಕಾಕಾ ಎನ್ನುತ್ತಾಳೆ.

ಚಾಚಾ ಹೋದ ಮೇಲೆ ಗಾಡಿಯನ್ನು ಮಾರುವುದೋ, ನಾವೇ ಕಲಿಯುವುದೋ ಎಂಬ ಪ್ರಶ್ನೆ ಮನೆಯಲ್ಲಿ ಬಹಳ ದಿನ ನಡೆಯಿತು. ಮೂರನೆಯ ದಾರಿಯನ್ನು ಹಿತೈಷಿಗಳು ತೋರಿಸಿದರು: ಹಳೆಯ ಇಂಜಿನ್ನನ್ನು ತೆಗೆದು ಇಂದಿನ ಸಣ್ಣ ಕಾರೊಂದರ ಇಂಜಿನ್ನನ್ನು ಕೂರಿಸಿಬಿಡಿ, ಯಾವ ಬೀದಿಯ ಹುಡುಗನಾದರೂ ರಿಪೇರಿ ಮಾಡುತ್ತಾನೆ. ಈ ಸಲಹೆಯಲ್ಲಿ ಅರ್ಥವಿಲ್ಲದಿಲ್ಲ. ಹಾಗೆ ಮಾಡಿದ ಗಾಡಿಗಳು ಈ ದೇಶದಲ್ಲಿ ಇವೆ, ಓಡುತ್ತಲೂ ಇವೆ. ನಮಗೆ ಅದು ಒಪ್ಪಲಿಲ್ಲ. ಅಜ್ಜಿಯ ಸೀರೆಯ ಸೆರಗನ್ನು ಉಳಿಸಿ ಒಡಲನ್ನು ನೈಲಾನಿನದು ಮಾಡಿದರೆ ಅದು ಯಾರ ಸೀರೆ? ಮೇಲಾಗಿ ಈಗ ಕಾಯಿದೆಯೂ ಇದೆ. 2021ರ ಜುಲೈಯಲ್ಲಿ ಕೇಂದ್ರ ಸರಕಾರ ಹೊರಡಿಸಿದ ನಿಯಮದಂತೆ, ಮೊದಲು ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ ಇಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡು ಆಗದ ಗಾಡಿಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ವಾಯಿದೆ. ತರುವಾಯ ನವೀಕರಣಕ್ಕೆ 5,000. ಮೊದಲೇ ನೋಂದಣಿ ಇದ್ದವರು ಹಳೆಯ ನಂಬರನ್ನು ಉಳಿಸಿಕೊಳ್ಳಬಹುದು. ಪ್ರದರ್ಶನ, ರ್‍ಯಾಲಿ, ರಿಪೇರಿಗಳಿಗೆ ಓಡಿಸಬಹುದು. ದಿನವಹಿ ಕಚೇರಿಗೆ ಹೋಗುವಂತಿಲ್ಲ, ಬಾಡಿಗೆಗೆ ಬಿಡುವಂತಿಲ್ಲ.

ಹಾಗೆಂದು ಒಂದು ತಿರುಪನ್ನೂ ಬದಲಿಸೆವೆಂಬ ಮಡಿವಂತಿಕೆ ನಮ್ಮಲ್ಲಿಲ್ಲ. ಮೂಲದಲ್ಲಿ ಇರದ ತಿರುವಿನ ದೀಪಗಳನ್ನು ಹಾಕಿಸಿದ್ದೇವೆ, ಇಲ್ಲದಿದ್ದರೆ ಸಯಾನ್ ವೃತ್ತದಲ್ಲಿ ಬದುಕುವಂತಿಲ್ಲ. ನೀರಿನ ಬಿಸಿಯನ್ನು ತೋರಿಸುವ ಗಡಿಯಾರ ಹಾಕಿಸಿದ್ದೇವೆ. 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲೇ ಆದ್ದರಿಂದ, ವಾಲ್ವು ಕೂರುವ ಜಾಗ ಸವೆಯದಿರಲೆಂದು ಗಟ್ಟಿ ಉಕ್ಕಿನ ಬಳೆಗಳನ್ನು ಕೂರಿಸಿದ್ದೇವೆ. ತೆಗೆದ ಹಳೆಯ ಸಾಮಾನೆಲ್ಲ ಒಂದು ಟ್ರಂಕಿನಲ್ಲಿದೆ, ಒಂದೊಂದಕ್ಕೂ ಕನ್ನಡದಲ್ಲಿ ಚೀಟಿ ಅಂಟಿಸಿ.

ಪೆಟ್ರೋಲಿನ ಮಾತು ಬಂದುದರಿಂದ ಇನ್ನೊಂದು ಸಂಗತಿ. ಯುದ್ಧಾನಂತರ ಇಂಗ್ಲೆಂಡಿನಲ್ಲಿ ಸಿಗುತ್ತಿದ್ದುದು ಪೂಲ್ ಪೆಟ್ರೋಲ್ ಎಂಬ ಕಳಪೆ ಮಾಲು. ಅದನ್ನು ಕುಡಿದು ಬಾಳಿದ ಇಂಜಿನ್ನಿಗೆ ಇಂದಿನ ಪೆಟ್ರೋಲಿನ ಆಕ್ಟೇನು ಬೇಕಾದಷ್ಟಾಯಿತು. ತೊಂದರೆ ಅದರಲ್ಲಿ ಬೆರೆಸುವ ಎಥನಾಲಿನಿಂದ. ನೂರಕ್ಕೆ 20 ಪಾಲು ಎಥನಾಲು ಬೆರೆತ ಪೆಟ್ರೋಲಿನ ಮಾರಾಟ 2023ರಲ್ಲಿ ಆರಂಭವಾಗಿ ದೇಶದಲ್ಲೆಲ್ಲ ಹರಡಿತು. ಕಬ್ಬಿನ ರೈತರಿಗೆ ಅದರಿಂದ ಲಾಭವಿದ್ದರೆ ನಾವು ಬೇಡವೆನ್ನುವವರಲ್ಲ. ಆದರೆ ಎಥನಾಲು ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ, ಗಾಳಿಯ ತೇವವನ್ನು ಹೀರಿ ಟಾಂಕಿಗೆ ನೀರು ಸೇರಿಸುತ್ತದೆ. ಮಳೆಗಾಲದ ನಾಲ್ಕು ತಿಂಗಳು ಗಾಡಿ ನಿಂತೇ ಇರುವ ಮುಂಬಯಿಯಲ್ಲಿ ಇದು ತುಕ್ಕಿಗೆ ಆಹ್ವಾನ. ಆದ್ದರಿಂದ ಪೆಟ್ರೋಲಿನ ನಳಿಗೆಗಳನ್ನೆಲ್ಲ ಎಥನಾಲು ತಡೆಯುವ ಹೊಸ ಬಗೆಯವಕ್ಕೆ ಬದಲಿಸಿದ್ದೇವೆ. ಜೂನು ಬರುವ ಮುಂಚೆ ಟಾಂಕಿಯನ್ನೂ ಕಾರ್ಬುರೇಟರುಗಳನ್ನೂ ಬರಿದು ಮಾಡುತ್ತೇವೆ. ಬ್ಯಾಟರಿ ಬಿಚ್ಚಿ ಮನೆಯೊಳಗೆ. ಗಾಡಿಯ ಮೇಲೆ ಪ್ಲಾಸ್ಟಿಕ್ಕು ಹೊದಿಸುವುದಿಲ್ಲ, ಒಳಗೆ ಬೆವರುತ್ತದೆ. ಹಳೆಯ ಹತ್ತಿಯ ಜಮಖಾನವೇ ಸರಿ.

ಬ್ಯಾಟರಿಯ ಬಗ್ಗೆ ಎಚ್ಚರಿಕೆಯ ಮಾತೊಂದು, ಇಂಥ ಗಾಡಿ ಇಟ್ಟವರಿಗೆ. ಇಂದಿನ ಕಾರುಗಳಲ್ಲಿ ಬ್ಯಾಟರಿಯ ಋಣ ತುದಿಯನ್ನು ಮೈಗೆ ಸೇರಿಸಿರುತ್ತದೆ. ನಮ್ಮದರಲ್ಲಿ ಧನ ತುದಿಯನ್ನು. ದಾರಿಯಲ್ಲಿ ನಿಂತಾಗ ಉಪಕಾರಕ್ಕೆಂದು ತಂತಿ ಹಿಡಿದು ಬರುವವರನ್ನು ಮೊದಲು ಕೈಹಿಡಿದು ನಿಲ್ಲಿಸಬೇಕು. ಚಕ್ರದ ಮಾತೂ ಹೀಗೆಯೇ. ಕಡ್ಡಿಗಳ ಚಕ್ರವನ್ನು ನಡುವಿನ ಒಂದೇ ದೊಡ್ಡ ಕಿವಿಯ ನಟ್ಟು ಹಿಡಿದಿರುತ್ತದೆ. ತಾಮ್ರದ ಸುತ್ತಿಗೆಯಿಂದ ಬಡಿದು ಬಿಗಿಯಬೇಕು. ಎಡಬದಿಯ ತಿರುಪಿನ ದಿಕ್ಕು ಬಲಬದಿಯದಕ್ಕೆ ವಿರುದ್ಧ, ಓಡಿದಂತೆ ಬಿಗಿಯುತ್ತ ಹೋಗಲೆಂದು. ಎಡದ್ದನ್ನು ಬಲಕ್ಕೆ ಹಾಕಿದರೆ ಘಾಟಿನಲ್ಲಿ ಚಕ್ರ ನಮ್ಮನ್ನು ಬಿಟ್ಟು ಮುಂದೆ ಹೋದೀತು. ಕಡ್ಡಿಗಳನ್ನು ಚಮಚೆಯಿಂದ ಮೀಟಿ ನೋಡುವುದು ನಮ್ಮ ಮಗನ ಪಾಲಿನ ಕೆಲಸ: ಬಿಗಿಯಾದದ್ದು ಟಿಣ್ ಎನ್ನುತ್ತದೆ, ಸಡಿಲಾದದ್ದು ಮಂಕಾಗಿ ಠಪ್ ಎನ್ನುತ್ತದೆ.

ಕಲಿಯುವುದೆಂದೇ ಕೊನೆಗೆ ತೀರ್ಮಾನವಾಯಿತು. ಹೆಚ್ಚು ಕಲಿತವಳು ಮಗಳು. ಅವಳದು ಲೆಕ್ಕಪತ್ರದ ಉದ್ಯೋಗ. ಇಂಚಿನ ಸಾವಿರದೊಂದು ಭಾಗವೆಂದರೆ ಅವಳಿಗೆ ಭಯವಿಲ್ಲ. ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವೆ, ಇಂಜಿನ್ನು ಬಿಸಿಯಿರುವಾಗಲೇ, ಇಂಚಿನ ಸಾವಿರದ 19 ಭಾಗದಷ್ಟು ಸಂದು ಇರಬೇಕೆಂದು ಇಂಜಿನ್ನಿನ ಮೇಲಿನ ಚಿಕ್ಕ ತಗಡಿನಲ್ಲೇ ಬರೆದಿದೆ. ಸಂದು ಕಡಿಮೆಯಾದರೆ ಸದ್ದು ನಿಲ್ಲುತ್ತದೆ, ಆದರೆ ವಾಲ್ವು ಸುಟ್ಟುಹೋಗುತ್ತದೆ. ನಾವು ಸದ್ದನ್ನು ಕಂಡರೆ ಹೆದರುವವರು. ಅವಳು ಸದ್ದಿಲ್ಲದಿದ್ದರೆ ಹೆದರುತ್ತಾಳೆ. “ಅಪ್ಪಾ, ಹೊಲಿಗೆ ಯಂತ್ರದ ಹಾಗೆ ಟಿಕಿಟಿಕಿ ಅನ್ನಬೇಕು, ಸುಮ್ಮನಿದ್ದರೆ ಅದಕ್ಕೆ ಜ್ವರ ಎಂದರ್ಥ” ಎಂದು ನಮಗೇ ಪಾಠ ಹೇಳುತ್ತಾಳೆ. ರಬ್ಬರು ನಳಿಗೆಯನ್ನು ಕಿವಿಗಿಟ್ಟು ಕಾರ್ಬುರೇಟರುಗಳ ಶ್ರುತಿ ಕೂಡಿಸುವುದು ಮಾತ್ರ ಇನ್ನೂ ಅವಳಿಗೆ ಪೂರಾ ಹಿಡಿತಕ್ಕೆ ಬಂದಿಲ್ಲ. ತಿಂಗಳಿಗೊಮ್ಮೆ ಚಾಚಾರಿಗೆ ಫೋನು ಮಾಡಿ, ಇಂಜಿನ್ನಿನ ಪಕ್ಕ ಫೋನನ್ನು ಹಿಡಿಯುತ್ತಾಳೆ. ಕಣ್ಣು ಮಂದವಾದರೂ ಅವರ ಕಿವಿ ಚುರುಕಾಗಿಯೇ ಇದೆ. ಅವರು ಅಲ್ಲಿ ಊರಿನಲ್ಲಿ ಕುಳಿತು, ಹಿಂದಿನ ಕಾರ್ಬುರೇಟರಿಗೆ ಇನ್ನೂ ಸ್ವಲ್ಪ ಗಾಳಿ ಬೇಕು ಬೇಟಿ, ಎಂದು ಹೇಳುತ್ತಾರೆ. ಇವಳು ಇಲ್ಲಿ ತಿರುಗಿಸುತ್ತಾಳೆ.

ಈ ಲೇಖನವನ್ನು ಓದುವ ಮನೆಗಳಲ್ಲಿ ಹುಬ್ಬಳ್ಳಿಯ ಕಾರ್ಖಾನೆಯಲ್ಲೋ, ಪರೇಲಿನ ರೈಲ್ವೆ ವರ್ಕ್‌ಷಾಪಿನಲ್ಲೋ, ಬಟ್ಟೆಯ ಗಿರಣಿಯಲ್ಲೋ ದುಡಿದ ಹಿರಿಯರ ಹಳೆಯ ಸಲಕರಣೆಯ ಪೆಟ್ಟಿಗೆ ಅಟ್ಟದ ಮೇಲೆ ಇರಬಹುದು. ಅದನ್ನು ಗುಜರಿಗೆ ಕೊಡುವ ಮುಂಚೆ ಒಮ್ಮೆ ತೆರೆದು ನೋಡಿ. ಡಬ್ಲ್ಯು ಎಂಬ ಅಕ್ಷರವೂ ಭಿನ್ನರಾಶಿಯ ಅಂಕಿಯೂ ಕೆತ್ತಿದ ಸ್ಪ್ಯಾನರಿದ್ದರೆ ಸಂಘದ ಕಚೇರಿಗೆ ತಲುಪಿಸಿರಿ. ನಮ್ಮಲ್ಲಿ 3/16, 1/4 ಮತ್ತು 3/8 ಇವೆ. 5/16ರದು ಇಲ್ಲ.